ಹಳೆಯದನ್ನು ಕೆಡವಿ ಹೋದ ಮ್ಯಾನೇಜರ್

ಬಟಾಬಯಲಿನಲ್ಲಿ, ಬೇವಿನ ಮರದ ಕೆಳಗೆ, ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡು ಚಹಾ ಕುಡಿಯುವವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ಮೊದಲ ದಿನ ಅದು ಬಹಳ ಶೋಭೆಯಾಗಿ ಕಂಡಿತು. ಈಗ ಯಾರ ತಲೆಯ ಮೇಲೆ ಹಳದಿ ಹೆಲ್ಮೆಟ್ ಕಂಡರೂ ನನ್ನ ಬಿ.ಪಿ. ಏರುತ್ತದೆ. ಡಾಕ್ಟರು ಉಪ್ಪು ಬಿಡಿ ಅನ್ನುತ್ತಾರೆ. ಪಾಪ, ಉಪ್ಪಿನದೇನೂ ತಪ್ಪಿಲ್ಲ.

ನಾನು ಸವಣೂರಿನವಳು. ಅಲ್ಲಿಂದ ಅರ್ಧ ತಾಸಿನ ಹಾದಿಯಲ್ಲಿರುವ ಒಂದು ಹಳ್ಳಿಯ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಮುಖ್ಯಶಿಕ್ಷಕಿ. ಹೋದ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ನಮಗೆ ಹೊಸ ಶೌಚಾಲಯ ಮಂಜೂರಾಯಿತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಇಂಥ ಕೆಲಸ ಹಿಡಿದಿದ್ದ ಕಂಪನಿಯವರು ಎಲ್ಲಕ್ಕೂ ಸೇರಿಸಿ ಒಬ್ಬನೇ ಪ್ರಾಜೆಕ್ಟ್ ಮ್ಯಾನೇಜರನನ್ನು ಕಳಿಸಿದರು. ಹೆಸರು ವಿನಯ, ಆ ಹಳದಿ ಹೆಲ್ಮೆಟ್ಟಿನವನು. ಮೂವತ್ತು ದಾಟಿರಲಿಕ್ಕಿಲ್ಲ. ಮ್ಯಾನೇಜರಿಕೆಯನ್ನೇ ಓದಿ ಸರ್ಟಿಫಿಕೇಟ್ ಪಡೆದವನು. ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಣ್ಣಬಣ್ಣದ ಚಿತ್ರ ಬಿಟ್ಟು, ಒಳ್ಳೆಯ ಮ್ಯಾನೇಜರನಿಗೆ ನಾಯಕತ್ವ ಬೇಕು, ಸಂವಹನ ಬೇಕು, ಮುಂದಾಲೋಚನೆ ಬೇಕು ಎಂದು ಅರ್ಧ ತಾಸು ವಿವರಿಸಿದ. ನಾವು ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ ಎಂದು ಸಹೋದ್ಯೋಗಿಗಳು ಇಂದಿಗೂ ನೆನಪಿಸುತ್ತಾರೆ.

ಮರುದಿನ ಬಂಕಾಪುರದಿಂದ ಗವಂಡಿ ದಾವಲಸಾಬರು ಬಂದರು. ಗೋಡೆ ಕಟ್ಟುವುದರಲ್ಲೇ ಕೂದಲು ನರೆತವರು. ಹಳೆಯ ಶೌಚಾಲಯಕ್ಕೆ ಒಂದು ಸುತ್ತು ಹಾಕಿ, ಹಾರೆ ಕೆಳಗಿಟ್ಟು ವಿನಯನಿಗೆ ಹೇಳಿದರು: “ಸಾಹೇಬ್ರ, ಹೊಸಾದು ಆ ಮೂಲ್ಯಾಗ ಕಟ್ಟೂಣು. ಅದು ಮುಗದ ಮ್ಯಾಲ ಇದನ್ನ ಕೆಡವಿದ್ರಾತು. ಅಲ್ಲೀತನಕ ಹುಡಿಗ್ಯಾರು ಎಲ್ಲಿ ಹೋಗಬೇಕ್ರಿ?”

ವಿನಯ ಕೈಯಲ್ಲಿದ್ದ ಟ್ಯಾಬ್ ತೋರಿಸಿದ. “ಇಲ್ಲಿ ನೋಡ್ರಿ ಚಾಚಾ, ಕೆಡವೂದು ಮೊದ್ಲ ಐತಿ. ನೀವು ಹೇಳೂದು ಪ್ಲ್ಯಾನಿನ್ಯಾಗಿಲ್ಲ.”

ದಾವಲಸಾಬರು ನನ್ನ ಕಡೆ ತಿರುಗಿದರು. “ಅಕ್ಕಾರ, ನೀವರ ಹೇಳ್ರಿ.”

“ಅವರು ಓದಿದವರು. ಅವರು ಹೇಳಿದಂಗ ಮಾಡ್ರಿ” ಅಂದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಧ್ಯಾಹ್ನದೊಳಗೆ ಹಳೆಯದು ನೆಲಸಮವಾಯಿತು. ಆಮೇಲೆ ಮ್ಯಾನೇಜರನೂ ಇಲ್ಲ, ಸಿಮೆಂಟೂ ಇಲ್ಲ. ಹಾನಗಲ್ಲದ ಶಾಲೆಗೆ ಫೋನು ಮಾಡಿದರೆ ಶಿಗ್ಗಾಂವಿಯಲ್ಲಿದ್ದಾನೆ ಅಂದರು. ಶಿಗ್ಗಾಂವಿಯವರು ಹಿರೇಕೆರೂರಿಗೆ ಹೋದ ಅಂದರು. ಹಿರೇಕೆರೂರಿನವರು “ನಿಮ್ಮಲ್ಲೇ ಇಲ್ಲೇನ್ರಿ?” ಎಂದು ನನ್ನನ್ನೇ ಕೇಳಿದರು. ವಾಟ್ಸ್ಯಾಪ್ ಗುಂಪಿನಲ್ಲಿ ಮಾತ್ರ ಪುಣ್ಯಾತ್ಮ ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರದೊಂದಿಗೆ ಹಾಜರು.

ವರ್ಷಕ್ಕೊಮ್ಮೆ ನಾನು ಮಕ್ಕಳನ್ನು ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಗೆ ಕರೆದೊಯ್ದು, ಕಂಬಗಳ ಮುಂದೆ ನಿಂತು ಶಿಲ್ಪಿಗಳ ಬಗ್ಗೆ ಉದ್ದ ಭಾಷಣ ಮಾಡುತ್ತೇನೆ. ಆದರೆ ಅಷ್ಟು ಕಲ್ಲು ಎಳೆದ ಎತ್ತುಗಳಿಗೆ ನೀರು ಎಲ್ಲಿ ಕುಡಿಸಬೇಕು, ಕಲ್ಲುಕುಟಿಗರು ಉಣ್ಣಲು ನೆರಳೆಲ್ಲಿ ಎಂದು ಯಾರೋ ಒಬ್ಬ ಮೊದಲೇ ಯೋಚಿಸಿರಲೇಬೇಕಲ್ಲ? ಅವನ ಹೆಸರು ಯಾರಿಗೂ ಗೊತ್ತಿಲ್ಲ. ನನ್ನನ್ನು ಕೇಳಿದರೆ ಮ್ಯಾನೇಜರ್ ಎಂದರೆ ಅವನು. ಅವನಿಗೆ ಹೆಲ್ಮೆಟ್ ಇದ್ದಿರಲಿಕ್ಕಿಲ್ಲ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ನಾನು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಗಂಗಮ್ಮ ಎಂಬ ಹುಡುಗಿ ಬೆಂಚಿನಿಂದ ಕುಸಿದು ಬಿದ್ದಳು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದೆವು. ಕುಡಿಯಲು ಲೋಟ ಕೊಟ್ಟರೆ ದೂರ ಸರಿಸಿದಳು.

“ಬ್ಯಾಡ್ರಿ ಟೀಚರ್.”

“ಯಾಕವ್ವಾ?”

ಅವಳು ತಲೆ ತಗ್ಗಿಸಿದಳು. ಪಕ್ಕದಲ್ಲಿ ಕೂಡುವ ನಸ್ರೀನ್ ಹೇಳಿದಳು: “ನೀರ ಕುಡದ್ರ ಹೋಗಾಕ ಬರತೈತ್ರಿ. ಮುಂಜಾನಿಂದ ನಾವ್ಯಾರೂ ನೀರ ಕುಡಿಯೂದಿಲ್ರಿ. ಎಲ್ಲಿ ಹೋಗೂಣ್ರಿ?”

ಇಡೀ ತರಗತಿ ನೆಲ ನೋಡುತ್ತಿತ್ತು. ಶಿಕ್ಷಕಿಯರಿಗೆಂದು ಇನ್ನೊಂದು ಶೌಚಾಲಯವಿತ್ತು. ಅದರ ಬೀಗದ ಕೈ ನನ್ನ ಮೇಜಿನ ಡ್ರಾವರಿನಲ್ಲಿ. ಮೂರು ವಾರ ನಾನು ಆ ಕೈ ತೆಗೆದುಕೊಂಡು ಹೋಗಿದ್ದೇನೆ, ಬಂದಿದ್ದೇನೆ, ಒಂದು ದಿನವೂ ನನಗಿದು ಹೊಳೆಯಲಿಲ್ಲ. ಆ ಕ್ಷಣವೇ ಬೀಗದ ಕೈಯನ್ನು ನಸ್ರೀನಳಿಗೆ ಕೊಟ್ಟೆ. ಒಂದೇ ಕೋಣೆ, ನೂರಕ್ಕೂ ಹೆಚ್ಚು ಹುಡುಗಿಯರು. ಬಿಡುವು ಮುಗಿದರೂ ಸಾಲು ಮುಗಿಯಲಿಲ್ಲ. ಗಂಗಮ್ಮನಿಗೆ ಮೂತ್ರದ ಸೋಂಕಾಗಿ ಜ್ವರ ಏರಿದೆ ಎಂದು ಸಂಜೆ ಆಸ್ಪತ್ರೆಯಲ್ಲಿ ಹೇಳಿದರು. ಅವಳ ಅವ್ವ ನನಗೆ ಕೂಡಲು ಸ್ಟೂಲು ಕೊಟ್ಟಳು, ಚಹಾ ತರಿಸಿದಳು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ರಜೆ ಹಾಕಿ, ಅವನು ಹಿರೇಕೆರೂರಿಗೆ ಬಂದಿದ್ದಾನೆ ಎಂದು ಅಲ್ಲಿಯವರಿಂದ ಖಾತ್ರಿ ಮಾಡಿಕೊಂಡು ಬಸ್ಸು ಹತ್ತಿದೆ. ಅಲ್ಲಿನ ಶಾಲೆಯ ವರಾಂಡದಲ್ಲಿ ವಿನಯ ಸಿಕ್ಕ. ನನ್ನನ್ನು ನೋಡಿ ನಗುತ್ತಲೇ, ಕೆಂಪು-ಹಸಿರು ಬಣ್ಣ ಹಚ್ಚಿದ ಶಾಲೆಗಳ ಪಟ್ಟಿ ತೆರೆದು ಟ್ಯಾಬ್ ತಿರುಗಿಸಿದ.

“ನೋಡ್ರಿ ಮೇಡಂ, ನಿಮ್ಮ ಸಾಲಿ ಹಸರ ಐತಿ.”

“ಏನ್ ಹಸರು?”

“ಕೆಡವೂದು ಟೈಮಿಗಿಂತ ಮೊದ್ಲ ಮುಗದೈತ್ರಿ.”

ನಾನು ಟ್ಯಾಬನ್ನು ಅವನ ಕಡೆಗೇ ತಿರುಗಿಸಿದೆ. “ತಮ್ಮಾ, ನಿನಗ ಅಕ್ಕ-ತಂಗೀರು ಅದಾರೇನು?”

“ತಂಗಿ ಅದಾಳ್ರಿ.”

“ಅಕೀ ಮುಂಜಾನಿಂದ ಸಂಜೀತನಕ ನೀರ ಕುಡೀಲಾರದ ಕುಂತು, ಚಕ್ಕರ ಬಂದು ಬಿದ್ದು, ದವಾಖಾನಿ ಸೇರಿದ್ರ ಯಾವ ಬಣ್ಣಾ ಹಚ್ಚತಿ?”

ಅವನ ನಗು ನಿಂತಿತು. “ನನಗ ಯಾರೂ ಹೇಳಲಿಲ್ರಿ...”

“ದಾವಲಸಾಬರು ಹೇಳಿದ್ರು. ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನಡಿ, ಬಸ್ ಹತ್ತು.”

“ಕಂಪನಿ ಗಾಡಿ ಐತ್ರಿ ಮೇಡಂ.”

“ಹಂಗಾರ ನನ್ನೂ ಅದ್ರಾಗ ಕರ್ಕೊಂಡ ನಡಿ.”

ಹಾವೇರಿ ಬರುವವರೆಗೆ ಬೈದೆ. ಹಾವೇರಿ ದಾಟಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದೆ. ಮುಖ್ಯಶಿಕ್ಷಕಿಗೆ ಒಪ್ಪುವ ಭಾಷೆಯೆಲ್ಲ ಹಾವೇರಿಯೊಳಗೇ ಖರ್ಚಾಗಿತ್ತು ಎಂದಷ್ಟೇ ಹೇಳಬಲ್ಲೆ.

ಶಾಲೆಯಲ್ಲಿ ಅವನನ್ನು ಒಂಬತ್ತನೇ ತರಗತಿಯ ಬೆಂಚಿನ ಮೇಲೆ ಕೂಡಿಸಿದೆ. ನಸ್ರೀನ್ ಹಿಂದಿನ ದಿನ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದಳು. ಹೇಳುತ್ತ ಒಮ್ಮೆಯೂ ದನಿ ಏರಿಸಲಿಲ್ಲ. ಅವನು ತಲೆ ಎತ್ತದೆ ಕೇಳಿಸಿಕೊಂಡ. ಆಮೇಲೆ, “ಬಿಡುವಿನ್ಯಾಗ ಒಮ್ಮೆಲೆ ಎಷ್ಟ ಮಂದಿ ಹೋಗ್ತೀರಿ?” ಎಂದು ಕೇಳಿದ. ನಮ್ಮ ಶಾಲೆಯಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಎರಡೇ ದಿನಗಳಲ್ಲಿ ದಾವಲಸಾಬರು ಗುಂಡಿ ತೋಡಿ, ತಗಡು ಹೊಡೆದು ನಾಲ್ಕು ತಾತ್ಕಾಲಿಕ ಕೋಣೆ ನಿಲ್ಲಿಸಿದರು. ಒಂದೊಂದರ ಒಳಗೂ ತಾವೇ ಹೋಗಿ, ಚಿಲಕ ಹಾಕಿ, ಸಂದಿಯಿಂದ ಏನಾದರೂ ಕಾಣುತ್ತದೆಯೇ ಎಂದು ಹೊರಗೆ ನಿಂತಿದ್ದ ನಮ್ಮನ್ನು ಕೂಗಿ ಕೇಳಿದರು. ವಿನಯ ಡ್ರಮ್ಮಿಗೆ ನೀರು ತುಂಬಿಸುತ್ತಿದ್ದ. ಹೊಸ ಶೌಚಾಲಯ ವಾರ್ಷಿಕ ಪರೀಕ್ಷೆಗೆ ಮೊದಲೇ ಮುಗಿಯಿತು. ಆದರೆ ಆ ಜ್ವರದಿಂದಾಗಿ ಗಂಗಮ್ಮನಿಗೆ ಅರ್ಧವಾರ್ಷಿಕ ಪರೀಕ್ಷೆ ತಪ್ಪಿಹೋಗಿತ್ತು. ಅದನ್ನು ಯಾರಿಂದಲೂ ಕಟ್ಟಿಕೊಡಲಾಗಲಿಲ್ಲ.

ಬೇಸಿಗೆ ರಜೆಯಲ್ಲಿ ಕಂಪನಿಯಿಂದ ನನಗೊಂದು ಫಾರಂ ಬಂತು. ನಿಮ್ಮ ಮ್ಯಾನೇಜರನ ಗುಣಗಳಿಗೆ ಐದಕ್ಕೆ ಅಂಕ ಕೊಡಿ ಎಂದಿತ್ತು. ಕೊಟ್ಟೆ. ವಾರದ ಮೇಲೆ ವಿನಯನದೇ ಫೋನು.

“ಮೇಡಂ, ಸಂವಹನಕ್ಕ ಐದಕ್ಕ ಒಂದ ಕೊಟ್ಟೀರಲ್ರಿ?”

“ಅದೂ ನೀ ಬಾಯಿ ಮುಚ್ಕೊಂಡು ಬೆಂಚಿನ ಮ್ಯಾಲೆ ಕುಂತಿದ್ಯಲ್ಲ, ಆ ದಿನದ್ದು.”

“ಅದು ಖರೇ ಐತ್ರಿ” ಅಂದ.

ಮುಖ್ಯಶಿಕ್ಷಕಿಯರ ಬಗ್ಗೆ ಅಂಥ ಫಾರಮ್ಮನ್ನು ಯಾರೂ ಮಕ್ಕಳಿಗೆ ಕಳಿಸುವುದಿಲ್ಲ. ಕಳಿಸಿದರೆ ಒಂಬತ್ತನೇ ತರಗತಿಯವರು ನನಗೆ ಆ ಒಂದನ್ನಾದರೂ ಕೊಟ್ಟಾರೋ ಇಲ್ಲವೋ, ಹೇಳುವ ಧೈರ್ಯ ನನಗಿಲ್ಲ.