ನೀರು ಬೇಡದ ಅಂಗಳ

ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ ನನಗೆ ಹೊನ್ನಾವರದ ಅಂಚೆ-ತಾರು ಕಚೇರಿಗೆ ವರ್ಗವಾಯಿತು. ಮದುವೆಯಾಗಿ ಆಗಷ್ಟೇ ಒಂದು ವರ್ಷ. ಪೇಟೆಯಿಂದ ಸ್ವಲ್ಪ ಮೇಲೆ, ಕೆಂಪುಕಲ್ಲಿನ ದಿಬ್ಬದ ಮೇಲೆ ಬಾಡಿಗೆ ಮನೆ ಸಿಕ್ಕಿತು. ಮನೆಯ ಯಜಮಾನರು ಪಕ್ಕದಲ್ಲೇ ಇದ್ದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಮುಂಬಯಿಯಿಂದ ವಿಲಾಯತಿಗೆ ಹೋಗುವ ಹಡಗಿನಲ್ಲಿ ಮೂವತ್ತು ವರ್ಷ ಊಟ ಬಡಿಸುವ ಕೆಲಸ ಮಾಡಿ ಊರಿಗೆ ಮರಳಿದ್ದರು. ಹಡಗನ್ನು ಆಗ ನಮ್ಮ ಕಡೆ ಆಗಬೋಟು ಎನ್ನುತ್ತಿದ್ದೆವು, ಹಾಗಾಗಿ ಅವರು ಕೇರಿಗೆಲ್ಲ ಆಗಬೋಟಿನ ಮಾಮ. ಅವರ ಜೊತೆ ವಿಧವೆಯಾದ ತಂಗಿ ಇದ್ದರು. ಅವರನ್ನು ಎಲ್ಲರೂ ಬಾಯಮ್ಮ ಎಂದು ಕರೆಯುತ್ತಿದ್ದರು.

ಎರಡು ಮನೆಗೂ ಸೇರಿ ಒಂದೇ ಬಾವಿ. ಹಗ್ಗ, ಕೊಡ ಅವರವರದು. ಈ ಬಾವಿಯ ಕಾರಣಕ್ಕೇ ಕುಮಟೆಯಲ್ಲಿದ್ದ ನನ್ನ ಮಡಿವಂತ ತಂದೆ ನಮ್ಮ ಮನೆಗೆ ಬಂದರೆ ನೀರು ಮುಟ್ಟುತ್ತಿರಲಿಲ್ಲ, ಎಳನೀರು ಕುಡಿದು ಹೊರಡುತ್ತಿದ್ದರು. ಬಾವಿಯೋ ತುಂಬ ಆಳ. ಮಳೆಗಾಲದಲ್ಲಿ ಕೈಯಿಟ್ಟರೆ ನೀರು ಸಿಕ್ಕೀತು ಎನ್ನುವಷ್ಟು ತುಂಬಿರುತ್ತಿತ್ತು. ಹೋಳಿ ಹುಣ್ಣಿಮೆ ಬರುವಷ್ಟರಲ್ಲಿ ತಳದ ಕಲ್ಲು ಕಾಣುತ್ತಿತ್ತು.

ಇಂಥ ಕಡೆ ನಾನು ಗುಲಾಬಿ ತೋಟ ಮಾಡಲು ಹೊರಟೆ. ಅದಕ್ಕೆ ಮೊದಲು ಬೆಳಗಾವಿಯಲ್ಲಿ ಎರಡು ವರ್ಷ ಕೆಲಸಕ್ಕಿದ್ದಾಗ ದಂಡಿನ ಕಡೆಯ ಬಂಗಲೆಗಳ ಮುಂದೆ ಗುಲಾಬಿ ನೋಡಿ ಮನಸ್ಸು ಅಲ್ಲೇ ನೆಟ್ಟುಹೋಗಿತ್ತು. ಅಲ್ಲಿನ ಗೆಳೆಯನೊಬ್ಬ ಒದ್ದೆ ಗೋಣಿಯಲ್ಲಿ ಸುತ್ತಿ ಹನ್ನೆರಡು ಗಿಡ ಬಸ್ಸಿನಲ್ಲಿ ಕಳಿಸಿಕೊಟ್ಟ. ಅವುಗಳ ಜೊತೆಗೆ ಸೂಜಿಮಲ್ಲಿಗೆ, ಡೇರೆ ಹೂ, ಬಣ್ಣದೆಲೆಯ ಕ್ರೋಟನ್ ಕೂಡ ಸೇರಿಕೊಂಡವು. ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ನಾಲ್ಕು ಚೊಂಬು ನೀರು ಹಾಕಿ ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಬುಡವೆಲ್ಲ ತಂಪಾಗಿರುತ್ತಿತ್ತು. ಮಣ್ಣು ಒಳ್ಳೆಯದು, ನೀರು ಹಿಡಿದಿಡುತ್ತದೆ ಎಂದು ನಾನು ಅಂದುಕೊಂಡಿದ್ದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಎರಡನೆಯ ಬೇಸಿಗೆ. ನನ್ನ ಹೆಂಡತಿಗೆ ಐದು ತಿಂಗಳು ನಡೆಯುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆಂದು ದಿಬ್ಬ ಹತ್ತಿ ಬಂದರೆ ಬಾವಿಕಟ್ಟೆಯ ಹತ್ತಿರ ಬಾಯಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ತಾಮ್ರದ ಕೊಡ ಉರುಳಿಬಿದ್ದಿತ್ತು. ಚೆಲ್ಲಿದ ನೀರನ್ನು ಕಲ್ಲು ಆಗಲೇ ಕುಡಿದು ಮುಗಿಸಿತ್ತು.

"ಎಂತ ಆತು?" ಎಂದೆ.

"ಎಂತೂ ಆಯ್ದಿಲ್ಲೆ," ಎಂದಳು ಅವಳು. "ಕಾಲು ಜಾರ್ತು. ಕೊಡ ಒಂದು ನೆಗ್ಗಿ ಹೋತು, ಅಷ್ಟೇಯ."

ಅಷ್ಟೇ ಆಗಿರಲಿಲ್ಲ. ಸೀರೆಗೆ ರಕ್ತದ ಕಲೆ ತಾಗಿತ್ತು. ನಾನು ಅವಳನ್ನು ಒಳಗೆ ಮಲಗಿಸುವಷ್ಟರಲ್ಲಿ ಮಾಮ ಬರಿಗಾಲಲ್ಲೇ ಪೇಟೆಗೆ ಓಡಿ ಡಾಕ್ಟರನ್ನು ಕರೆತಂದರು. ಡಾಕ್ಟರಿಗೆ ವಯಸ್ಸಾಗಿತ್ತು, ಮಾತು ಕಡಿಮೆ. ನೋಡಿ, ಕೈ ತೊಳೆದು, ಹೊರಗಿನ ಜಗಲಿಯಲ್ಲಿ ಕೂತರು.

"ಮಗು ಸದ್ಯಕ್ಕೆ ಉಳಿದಿದೆ. ಹದಿನೈದು ದಿನ ಹಾಸಿಗೆಯಿಂದ ಏಳಬಾರದು. ಆಮೇಲೂ ಕೊಡ ಎತ್ತುವ ಹಾಗಿಲ್ಲ," ಎಂದು ಹೇಳಿ ಕೇಳಿದರು, "ದಿನಕ್ಕೆ ಎಷ್ಟು ಕೊಡ ಸೇದ್ತಾರೆ ಇವರು?"

ನನಗೆ ಗೊತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ನಿಂತಿದ್ದ ಬಾಯಮ್ಮನೇ ಉತ್ತರ ಕೊಟ್ಟರು.

"ಮನೆಗೆ ಎಂಟು, ಡಾಕ್ಟ್ರೆ. ಹೂಗಿನ ಗಿಡಕ್ಕೆ ಇಪ್ಪತ್ತು. ನಾನು ದಿನಾ ನೋಡ್ತಾ ಇದ್ದೆ. ಬೇಡಮ್ಮ ಅಂತ ಹೇಳ್ದೆ, ಕೇಳ್ಲಿಲ್ಲ."

ಡಾಕ್ಟರು ಅಂಗಳದ ಗುಲಾಬಿಗಳನ್ನು ನೋಡಿದರು, ನನ್ನನ್ನು ನೋಡಿದರು. ಕೊಡೆ ಬಿಡಿಸಿಕೊಂಡು ಇಳಿದುಹೋದರು.

ಆ ಸಂಜೆ ಹಾಸಿಗೆಯ ಪಕ್ಕ ಕೂತು, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳ ತವರು ಕುಮಟೆಯಾಚೆ ಯಾಣದ ದಾರಿಯ ಒಂದು ಕಣಿವೆ. ಅಲ್ಲಿ ಹಳ್ಳದ ನೀರು ವರ್ಷವಿಡೀ ಕಾಲುವೆಯಲ್ಲಿ ತಾನಾಗಿ ಹರಿದು ಹಿತ್ತಲಿಗೆ ಬರುತ್ತಿತ್ತು. ಅವಳು ಹಗ್ಗ ಹಿಡಿದು ನೀರು ಸೇದಿದ್ದು ನನ್ನ ಮನೆಗೆ ಬಂದ ಮೇಲೆಯೇ.

"ಹೇಳಲೆ ಎಂತ ಇದ್ದು?" ಎಂದಳು. "ನಿಂಗ ಸಂಜೆ ಗಿಡದ ಹತ್ರ ನಿಂತ್ರೆ ಮುಖ ನೋಡಲೆ ಚೊಲೋ ಇರ್ತು. ಒಣಗಿ ಹೋದ್ರೆ ಬೇಜಾರಾಗ್ತು ಹೇಳಿ ಹಾಕ್ತಿದ್ದೆ."

ಮರುದಿನದಿಂದ ನೀರು ಸೇದುವ ಕೆಲಸ ನನ್ನದಾಯಿತು. ಎಂಟನೆಯ ಕೊಡಕ್ಕೆ ಅಂಗೈ ಸುಲಿಯಿತು. ಹಗ್ಗ ಎಳೆದಷ್ಟೂ ಮೇಲೆ ಬರುವುದು ಅರ್ಧ ಕೊಡ, ಅದರಲ್ಲೂ ಕಾಲು ಭಾಗ ಕೆಸರು. ಹೂವಿಗೆ ಒಂದು ಹನಿಯೂ ಹಾಕಲಿಲ್ಲ. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬಾಯಮ್ಮ ಕುಡಿಯುವ ನೀರನ್ನು ದಿಬ್ಬದ ಕೆಳಗಿನ ಇಗರ್ಜಿಯ, ಎಂದರೆ ಅವರ ಚರ್ಚಿನ, ಬಾವಿಯಿಂದ ಹೊತ್ತು ತರುತ್ತಿದ್ದರು. ಎಷ್ಟು ದಿನದಿಂದ ಎಂದು ಕೇಳಿದೆ. ಮೂರು ವಾರವಾಯಿತು ಎಂದರು. ಅವರ ಬಾವಿಯ ನೀರನ್ನೇ ನಾನು ಹೂವಿಗೆ ಹಾಕಿಸಿ ಖಾಲಿ ಮಾಡಿದ್ದೆ. ಅವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಮಡಿಯ ಕಾರಣ ಒಳಗೂ ಬರದೆ, ದಿನಕ್ಕೆರಡು ಸಲ ಕಿಟಕಿಯ ಹೊರಗೆ ನಿಂತು ನನ್ನ ಹೆಂಡತಿಯನ್ನು ಮಾತಾಡಿಸಿ ಹೋಗುತ್ತಿದ್ದರು. ಅನ್ನ, ಸಾರು ನಾನೇ ಮಾಡುತ್ತಿದ್ದೆ. ಎರಡೂ ಒಂದೇ ರುಚಿ ಇರುತ್ತಿತ್ತು.

ಹದಿನೈದನೆಯ ದಿನ ಡಾಕ್ಟರು ಮತ್ತೆ ಬಂದು ನೋಡಿ, "ಇನ್ನು ಹೆದರಿಕೆ ಇಲ್ಲ" ಎಂದರು. ಆ ಎರಡು ವಾರ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ಡಾಕ್ಟರ ಮನೆಯಲ್ಲಿ ಎಂದೂ ಬತ್ತದ ಬಾವಿ ಇತ್ತು, ಪಂಪೂ ಇತ್ತು. ಇನ್ನೂ ಜೀವ ಹಿಡಿದಿದ್ದ ಗುಲಾಬಿಗಳನ್ನೆಲ್ಲ ಬುಡದ ಮಣ್ಣಿನ ಸಮೇತ ಕಿತ್ತು ಅವರ ಮನೆಗೆ ಕಳಿಸಿದೆ. ಬೋಳಾದ ಅಂಗಳ ನೋಡಿ ನನ್ನ ಹೆಂಡತಿ ಹೇಳಿದಳು, "ಎಲ್ಲಾ ಕಿತ್ತು ಕೂತ್ರೆ ಹೆಂಗೆ? ದೇವರ ಮುಂದೆ ಇಡಲೆ ಒಂದು ಹೂಗು ಬ್ಯಾಡ್ದಾ?"

ಅದನ್ನು ಬೇಲಿಯಾಚೆಯಿಂದ ಕೇಳಿಸಿಕೊಂಡ ಮಾಮ ಆ ಸಂಜೆ ಜಗಲಿಗೆ ಬಂದು ಕೂತರು. ಸುಯೆಜ್ ದಾಟಿದ ಮೇಲಿನ ಸಮುದ್ರದ ವಿಷಯ ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದರು, ಆದರೆ ಅವೆಲ್ಲ ಊಟದ, ಸಂತೆಯ ಮಾತುಗಳು. ಅಂದು ಹೇಳಿದ್ದು ಬೇರೆ.

"ಅಲ್ಲಿ ಮಳೆ ಬರುದು ಚಳಿಗಾಲಕ್ಕೆ, ತಾರು ಮಾಸ್ತರ್ರೆ. ಬೇಸಿಗೆ ಪೂರಾ ಒಂದು ಹನಿ ಇಲ್ಲ. ಕಲ್ಲುಗುಡ್ಡ, ನಮ್ಮ ಹಾಂಗೇ. ಒಂದು ಬಂದರದಲ್ಲಿ ನಮ್ಮ ಹಡಗಿನ ಚಾದರ ಒಗೆಯುವ ಮುದುಕಿ ಇದ್ದಳು. ಇಡೀ ದಿನ ನೀರಲ್ಲೇ ಕೈ. ಅವಳ ಅಂಗಳದಲ್ಲಿ ಮಾತ್ರ ಎಲ್ಲಾ ಬೂದಿ ಬಣ್ಣದ ಗಿಡ, ಸಣ್ಣ ಸಣ್ಣ ಎಲೆ, ಮುಟ್ಟಿದ್ರೆ ಕೈ ಪರಿಮಳ. ನಾನು ಕುಡಿದು ಉಳಿದ ನೀರು ಒಂದರ ಬುಡಕ್ಕೆ ಚೆಲ್ಲಿದೆ. ಅಯ್ಯೋ ದೇವರೆ, ಏನು ಬೈದಳು!"

"ಯಾಕೆ?"

"ಬೇಸಿಗೆಯಲ್ಲಿ ನೀರು ಕುಡಿಸಿದ್ರೆ ಬೇರು ಕೊಳೀತದಂತೆ. ಅದು ನಿದ್ದೆ ಮಾಡುವ ಹೊತ್ತು, ಎಬ್ಬಿಸಬೇಡ ಅಂತ ಹೇಳಿದಳು."

ಅಂಥ ಗಿಡ ನಮಗೆ ಎಲ್ಲಿ ಸಿಗಬೇಕು ಎಂದು ಕೇಳಿದೆ. ಮಾಮ ನಕ್ಕರು. "ಅಲ್ಲಿದ್ದು ಇಲ್ಲಿ ತಂದ್ರೆ ನಮ್ಮ ಮಳೆಗೆ ಒಂದು ವಾರ ಬದುಕುದಿಲ್ಲ. ಅವಳೂ ಎಲ್ಲಿಂದಲೋ ತಂದದ್ದಲ್ಲ, ಹಿಂದಿನ ಗುಡ್ಡದಿಂದ ತಂದದ್ದು. ನಮಗೂ ಹಿಂದೆ ಗುಡ್ಡ ಉಂಟಲ್ಲ? ಈಗ, ಈ ಬಿಸಿಲಲ್ಲಿ ಹೋಗಿ ನೋಡುವ. ಯಾರೂ ನೀರು ಹಾಕದೆ ಯಾವುದು ಹಸಿರಾಗಿ ಉಂಟೋ ಅದು ನಿಮ್ಮದು."

ಮುಂದಿನ ಭಾನುವಾರ ಬೆಳಿಗ್ಗೆ ಮಾಮ ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಇಬ್ಬರೂ ಗುಡ್ಡ ಹತ್ತಿದೆವು. ಮಾಮನ ಕೈಯಲ್ಲಿ ಬಾಯಮ್ಮನ ಹಳೆಯ ಕೆಂಪು ಸೀರೆಯಿಂದ ಹರಿದ ಚಿಂದಿಗಳು. ಅವು ಯಾಕೆ ಎಂದರೆ, ಮಳೆ ಬಿದ್ದ ಮೇಲೆ ಗುಡ್ಡವೆಲ್ಲ ಒಂದೇ ಹಸಿರಾಗುತ್ತದೆ, ಬೇಸಿಗೆ ತಡೆದದ್ದು ಯಾವುದು ಎಂದು ಆಗ ಗುರುತು ಸಿಗುವುದಿಲ್ಲ. ಈಗಲೇ ಕಟ್ಟಿಟ್ಟು ಹೋಗಬೇಕು ಎಂದರು. ಹುಲ್ಲು ಸುಟ್ಟು ಕರಕಾಗಿತ್ತು. ಕಲ್ಲಿನ ಕಾವು ಚಪ್ಪಲಿಯೊಳಗೂ ಏರುತ್ತಿತ್ತು. ಅದರ ನಡುವೆ ಕೇಪಳ ಕೆಂಪಗೆ ಗೊಂಚಲು ಗೊಂಚಲಾಗಿ ಅರಳಿ ನಿಂತಿತ್ತು. ನಾನು ಬಾಲ್ಯದಿಂದ ನೋಡಿದ ಹೂವು. ಹೂವು ಎಂದು ಎಣಿಸಿರಲೇ ಇಲ್ಲ. ಕವಳಿಯ ಪೊದೆಗಳಲ್ಲಿ ಹಣ್ಣು ಕಪ್ಪಾಗುತ್ತಿತ್ತು. ಬೂದು ಎಲೆಯ ಲಕ್ಕಿಗಿಡ ಕಂಡಾಗ ಮಾಮ ಎಲೆ ಹಿಸುಕಿ ಮೂಗಿಗೆ ಹಿಡಿದು, "ಇದೇ ನೋಡಿ, ಮುದುಕಿಯ ಗಿಡದ ತಮ್ಮ!" ಎಂದರು. ಒಂದು ಸುರಗಿ ಮರದ ಕೆಳಗೆ ಗೇಣುದ್ದದ ಸಸಿಗಳಿದ್ದವು. ಎಲ್ಲದಕ್ಕೂ ಚಿಂದಿ ಕಟ್ಟಿದೆವು. ದೊಡ್ಡ ಗಿಡಕ್ಕೆ ನಾನು ಕಟ್ಟಹೋದರೆ ಮಾಮ ಬಿಡಲಿಲ್ಲ. "ಸಣ್ಣದಕ್ಕೆ ಕಟ್ಟಿ. ದೊಡ್ಡದು ಜಾಗ ಬಿಟ್ಟು ಬರುದಿಲ್ಲ."

ಜೂನ್ ಹತ್ತಿರವಾಗುತ್ತಿದ್ದಂತೆ ನನ್ನ ಹೆಂಡತಿಯನ್ನು ತವರಿಗೆ ಬಿಟ್ಟುಬಂದೆ. ಮಳೆ ಹಿಡಿದರೆ ಆ ದಾರಿಯಲ್ಲಿ ಗಾಡಿ ಹೋಗುವುದಿಲ್ಲ. ಮನೆಗೆ ಮರಳಿದವನು ಹಾರೆ, ಪಿಕಾಸಿ ಹಿಡಿದು ಅಂಗಳದ ಕಲ್ಲು ಕಡಿಯಲು ಶುರುಮಾಡಿದೆ. ಕಚೇರಿಗೆ ಮೊದಲು ಒಂದು ಗುಂಡಿ, ಬಂದ ಮೇಲೆ ಅರ್ಧ ಗುಂಡಿ. ಗುಂಡಿಗೆ ಹಟ್ಟಿಗೊಬ್ಬರ, ಕೆಮ್ಮಣ್ಣು, ಒಣಗಿದ ಎಲೆ ತುಂಬಿದೆ. ಒಣ ಎಲೆಗೆ ನಾವು ದರಕು ಎನ್ನುತ್ತೇವೆ. ಎರಡು ಮಳೆ ಬಿದ್ದೊಡನೆ ಗುಡ್ಡಕ್ಕೆ ಹೋಗಿ ಕೆಂಪು ಚಿಂದಿಗಳನ್ನು ಹುಡುಕಿ ಗಿಡ ತಂದು ನೆಟ್ಟೆ. ಬಾಯಮ್ಮ ಗೋರಟೆಯ ಗೆಲ್ಲು, ಅಬ್ಬಲಿಗೆ ಬೀಜ ಕೊಟ್ಟರು. ಬಚ್ಚಲ ನೀರು ಹರಿಯುವ ಕಡೆಗೆ ಮಾತ್ರ ದಾಸವಾಳ, ಎರಡು ಬಾಳೆ. ದೋಣಿಯಲ್ಲಿ ಹೊಳೆ ದಾಟಿ ಎದುರು ದಡದ ಕಾಸರಕೋಡಿನ ಮರಳಿನಿಂದ ಒಂದು ಬಳ್ಳಿಯನ್ನೂ ತಂದೆ. ಅದಕ್ಕೆ ನಮ್ಮ ಕಲ್ಲು ಹಿಡಿಸದೆ ತಿಂಗಳೊಳಗೆ ಹೋಯಿತು. ಎರಡು ಸುರಗಿ ಸಸಿಯನ್ನು ಯಾರದೋ ದನ ಮೇದಿತು. ಒಂದು ಉಳಿಯಿತು.

ಚೌತಿ ಕಳೆದ ಮೇಲಿನ ಒಂದು ಬೆಳಿಗ್ಗೆ ಕಚೇರಿಯಲ್ಲಿ ಕುಮಟೆಯಿಂದ ತಾರು ಬರತೊಡಗಿತು. ತಾರು ಯಂತ್ರದ ಕಟ್ಟು ಕಡ ಸದ್ದು ಕೇಳುತ್ತ ಅಕ್ಷರ ಬರೆದುಕೊಳ್ಳುವುದು ನನ್ನ ಕೆಲಸ. ವಿಳಾಸ ಬರೆಯುತ್ತ ಹೋದರೆ ಅದು ನನ್ನದೇ ಹೆಸರು. ಆ ಕಾಲದಲ್ಲಿ ತಾರು ಎಂದರೆ ಹೆಚ್ಚಾಗಿ ಸಾವಿನ ಸುದ್ದಿಯೇ. ಎಷ್ಟೋ ಮನೆಗಳಿಗೆ ಅಂಥದ್ದನ್ನು ನಾನೇ ಬರೆದು ಕಳಿಸಿದ್ದೆ. ಯಂತ್ರ ಯಾರಿಗೂ ಕಾಯುವುದಿಲ್ಲ, ಒಂದು ಅಕ್ಷರ ತಪ್ಪಿದರೆ ಮುಂದಿನದೂ ಕೈತಪ್ಪುತ್ತದೆ. ಒಂದೊಂದೇ ಅಕ್ಷರ ಬರೆದೆ. ಮಗಳು ಹುಟ್ಟಿದಳು, ಇಬ್ಬರೂ ಕ್ಷೇಮ. ನಿಯಮದಂತೆ ಸಂದೇಶ ಮುಟ್ಟಿತೆಂದು ಒತ್ತಿ ತಿಳಿಸಿದೆ. ಆಮೇಲೆ ಕುರ್ಚಿಯಲ್ಲೇ ಕೂತು ಅತ್ತೆ. ಪೋಸ್ಟ್‌ಮ್ಯಾನ್ ಗಾಬರಿಯಾಗಿ ನೀರು ತಂದುಕೊಟ್ಟ. ಅವನ ಕೈಗೆ ಕಾಗದವನ್ನೇ ಇತ್ತೆ.

ಮಾರ್ಗಶಿರದಲ್ಲಿ ತಾಯಿ ಮಗಳು ಬಂದರು. ಗೋರಟೆ ಮೈತುಂಬ ಹೂ ಬಿಟ್ಟಿತ್ತು. ಕೂಸನ್ನು ಎದೆಗೊರಗಿಸಿಕೊಂಡು ಅವಳು ಒಂದೊಂದೇ ಗಿಡ ನೋಡುತ್ತ ಬಂದಳು.

"ಇದೆಂತ! ಗುಡ್ಡೆಯೇ ಇಳಿದು ಬಂದಾಂಗೆ ಇದ್ದಲ್ಲ."

"ನೀರು?" ಎಂದೂ ಅವಳೇ ಕೇಳಿದಳು. ಮೊದಲ ಬೇಸಿಗೆ ಮಾತ್ರ ವಾರಕ್ಕೊಂದು ಚೊಂಬು, ಅದೂ ನಾನೇ ಸೇದಿ ಹಾಕುವುದು ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಆ ಬೇಸಿಗೆ ನನಗೂ ಧೈರ್ಯವಿರಲಿಲ್ಲ. ಮಾರ್ಚಿನಲ್ಲಿ ಲಕ್ಕಿ ಎಲೆ ಉದುರಿಸಿದಾಗ ಕೊಡ ಹಿಡಿದು ಹೊರಟೇಬಿಟ್ಟಿದ್ದೆ. "ಇಡಿ ಕೆಳಗೆ!" ಎಂದು ಮಾಮ ತಮ್ಮ ಜಗಲಿಯಿಂದಲೇ ಕೂಗಿದರು. ಇಟ್ಟೆ. ಏಪ್ರಿಲ್ ನಡುವಿಗೆ ಕೇಪಳದ ತುದಿಯಲ್ಲಿ ಕೆಂಪು ಮೊಗ್ಗು ಕಾಣಿಸಿತು. ದೇವರ ಮುಂದೆ ದಿನವೂ ಹೂವಿತ್ತು, ಬಾಯಮ್ಮ ಮಾತೆಯ ಪಟಕ್ಕೂ ಒಯ್ಯುತ್ತಿದ್ದರು. ಮೇ ತಿಂಗಳಲ್ಲಿ ಒಂದು ದಿನ ಬಾವಿಗೆ ಬಗ್ಗಿ ನೋಡಿದೆ. ಕಪ್ಪಗೆ, ಎರಡಾಳುದ್ದ ನೀರು. ಆ ವರ್ಷ ಬಾಯಮ್ಮ ಇಗರ್ಜಿಯ ಬಾವಿಗೆ ಹೋಗಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳಲ್ಲೇ ನನಗೆ ಭಟ್ಕಳಕ್ಕೆ ವರ್ಗವಾಯಿತು. ಹೊರಟದ್ದು ಏಪ್ರಿಲಿನ ಉರಿಬಿಸಿಲಲ್ಲಿ. ಗಿಡ ಬೆಳೆಸುವವರಿಗೆ ವರ್ಗವೆಂದರೆ ಸಂಕಟ. ಬೆಳಗಾವಿಯಿಂದ ಬರುವಾಗ ನನ್ನೆರಡು ಕುಂಡಗಳಿಗೆ ನೀರು ಹಾಕಿರೆಂದು ಮೂವರ ಕೈ ಹಿಡಿದು ಬೇಡಿಕೊಂಡಿದ್ದೆ, ಆದರೂ ಅವು ಒಣಗಿದವೆಂದು ಆಮೇಲೆ ಕೇಳಿದ್ದೆ. ಇಲ್ಲಿ ಮನೆಗೆ ಬರಲಿದ್ದ ಹೊಸ ಬಾಡಿಗೆದಾರರು ಕೀಲಿಕೈ ತೆಗೆದುಕೊಳ್ಳುವಾಗ ಅಂಗಳ ನೋಡಿ ಸ್ವಲ್ಪ ಅಳುಕಿ ಕೇಳಿದರು, "ಇದಕ್ಕೆಲ್ಲ ದಿನಾ ನೀರು ಹಾಕ್ಬೇಕಾ?"

"ಬೇಡ. ಅವುಗಳ ಪಾಡಿಗೆ ಬಿಡಿ, ಸಾಕು," ಎಂದೆ.

ಮಾಮ ಹೊಳೆಯಾಚೆಯ ಬಸ್ಸಿನ ತನಕ ಟ್ರಂಕು ಹೊತ್ತು ತಂದರು. ಬಾಯಮ್ಮ ಮಗಳ ಕೈಗೆ ಕವಳಿ ಹಣ್ಣಿನ ಪೊಟ್ಟಣ ಕೊಟ್ಟು, ಮುಖ ಆಚೆ ತಿರುಗಿಸಿ ನಿಂತರು. ಅವರನ್ನು ಬಿಟ್ಟುಹೋಗಲು ಸಂಕಟವಾಯಿತು, ಸುಳ್ಳು ಹೇಳಲಾರೆ. ಅಂಗಳದ ಬಗ್ಗೆ ಮಾತ್ರ ಮನಸ್ಸಿಗೆ ಒಂದೆಳೆ ಚಿಂತೆಯೂ ಇರಲಿಲ್ಲ. ಅದಕ್ಕೆ ನಾನು ಬೇಕಾಗಿರಲಿಲ್ಲ, ನನ್ನ ಹೆಂಡತಿಯ ತೋಳೂ ಬೇಕಾಗಿರಲಿಲ್ಲ. ಬಸ್ಸು ಹೊರಟಿತು. ಕಾಸರಕೋಡು ದಾಟುವ ಮೊದಲೇ ಮಗಳು ತೊಡೆಯ ಮೇಲೆ ನಿದ್ದೆಹೋದಳು. ಭಟ್ಕಳದ ಮನೆಯ ಹಿಂದೆ ಎಂಥ ಗುಡ್ಡ ಇದೆಯೋ ಎಂದು ನಾವಿಬ್ಬರೂ ಮಾತಾಡಿಕೊಳ್ಳುತ್ತ ಹೋದೆವು.