ಹುಲ್ಲಿನಡಿಯ ಸೀತಾಫಲ

ಆಗೆಲ್ಲ ದಸರಾ ರಜೆ ಬಂತೆಂದರೆ ನನ್ನ ತಲೆ ತುಂಬ ಹೇನು, ಅಜ್ಜಿಯ ಮನೆ ತುಂಬ ಸೀತಾಫಲ. ಅಮ್ಮ ನನ್ನನ್ನು ಚನ್ನಗಿರಿಯಿಂದ ಜಗಳೂರು ಕಡೆಯ ತನ್ನ ತವರಿಗೆ ಕರೆದೊಯ್ದು ಬಿಟ್ಟು ಬರುತ್ತಿದ್ದಳು. ಆ ಊರ ಹಿಂದೆ ಒಂದು ಕಲ್ಲುಗುಡ್ಡ. ಅದರ ಮೈಮೇಲೆ ಯಾರೂ ನೆಡದ, ಯಾರೂ ನೀರು ಹಾಕದ ಸೀತಾಫಲದ ಗಿಡಗಳು. ಎಲೆಯ ಕಹಿ ವಾಸನೆಗೆ ಆಡುಗಳೂ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ.

ಈ ಹಣ್ಣು ಅಮೆರಿಕದಿಂದ ಹಡಗಿನಲ್ಲಿ ಬಂದದ್ದು ಎಂದು ನಾನು ಓದಿದ್ದು ಬಹಳ ವರ್ಷಗಳ ಮೇಲೆ, ಕಾಲೇಜಿನಲ್ಲಿ. ಅಜ್ಜಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. "ವನವಾಸದಾಗೆ ಸೀತಮ್ಮ ತಿಂದಿದ್ದು ಇದನ್ನೇ. ಇಲ್ಲಾಂದ್ರೆ ಆ ಹೆಸರು ಹೆಂಗೆ ಬಂತು?" ಎಂದಳು. ಅವಳಿಗೆ ಆ ಗಿಡದಲ್ಲಿ ಬಿಸಾಡುವಂಥದ್ದು ಏನೂ ಇರಲಿಲ್ಲ. ತಿರುಳು ನಮ್ಮ ಬಾಯಿಗೆ, ಎಲೆ ಹಾಸಿಗೆಯಡಿಯ ತಿಗಣೆಗೆ, ಬೀಜ ನನ್ನ ತಲೆಗೆ.

ಬೀಜದ ಮದ್ದು ಹಾಕುವವಳು ಚಿಗವ್ವ, ಅಮ್ಮನ ತಂಗಿ ಗಿರಿಜಾ. ಒಣಗಿದ ಬೀಜ ಕುಟ್ಟಿ, ಎಣ್ಣೆಯಲ್ಲಿ ಕಲಸಿ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆಂದು ಮೊದಲು ಹಳೆ ಸೀರೆಯ ತುಂಡಿನಿಂದ ನನ್ನ ಕಣ್ಣು ಕಟ್ಟುತ್ತಿದ್ದಳು. ಆಮೇಲೆ ಅವಳ ಬೆರಳುಗಳು ಕೂದಲ ಬುಡದಲ್ಲಿ ಓಡಾಡುತ್ತಿದ್ದವು.

"ಅಲ್ಲಾಡಬ್ಯಾಡ್ವೆ. ನಿನ್ನ ತಲೆಯಾಗೆ ಒಂದು ಸಂತೆನೇ ಕೂಡೈತಲ್ಲೆ!"

"ಚನ್ನಗಿರಿ ಸಂತೆನಾ, ಜಗಳೂರು ಸಂತೆನಾ?"

"ಎರಡೂ ಸೇರೈತೆ."

ಹಾಗೆ ಕಣ್ಣು ಕಟ್ಟಿಸಿಕೊಂಡು ಕೂತಿದ್ದ ಒಂದು ಸಂಜೆ ಜಗಲಿಯಿಂದ ಅಜ್ಜನ ದನಿ ಕೇಳಿಸಿತು. "ಗಿರಿಜಾ, ನಾಳೆ ಗುಡ್ಡಕ್ಕೆ ಹೋಗಿ ಮೊದಲನೇ ಮಂಕರಿ ತುಂಬ್ಕಂಡು ಬಾ. ಹಣ್ಣಾಗ್ತಿದ್ದಂಗೆ ಹೊನ್ನಾಳಿಯವ್ರಿಗೆ ಕಳಿಸ್ಬೇಕು. ಕಾಯ್ತಾ ಅದಾರೆ."

ಅದರ ಅರ್ಥ ನನಗೂ ಗೊತ್ತಿತ್ತು. ಮಗಳನ್ನು ಕೊಡಲು ಒಪ್ಪಿದವರು ಆ ವರ್ಷದ ಮೊದಲ ಬುಟ್ಟಿಯ ಹಣ್ಣನ್ನು ಗಂಡಿನ ಮನೆಗೆ ಕಳಿಸುವುದು ನಮ್ಮಜ್ಜನ ಮನೆತನದ ಪದ್ಧತಿ. ಹಣ್ಣು ಮುಟ್ಟಿದ ಮೇಲೆ ಅವರು ಎಲೆಅಡಿಕೆ ಹಿಡಿದು ಬರುತ್ತಾರೆ. ಮೊದಲ ಬುಟ್ಟಿ ಕೆಟ್ಟರೆ ಆ ವರ್ಷ ಎರಡನೆಯದನ್ನು ಕಳಿಸುವಂತಿಲ್ಲ.

"ಅಪ್ಪಾ, ಟೀಚರ್ ಟ್ರೈನಿಂಗ್ ಇನ್ನೊಂದು ವರ್ಷ ಐತೆ. ಮುಗಿಸಾಕೆ ಬಿಡು," ಎಂದಳು ಚಿಗವ್ವ.

"ಮದ್ವೆ ಆದ್ಮೇಲೆ ಓದಾಕೆ ಯಾರು ಬ್ಯಾಡ ಅಂತಾರೆ?"

"ಯಾರೂ ಬ್ಯಾಡ ಅನ್ನಲ್ಲಪ್ಪ. ಪುಸ್ತಕ ಹಿಡಿಯಾಕೆ ಕೈ ಬಿಡುವಿರಲ್ಲ, ಅಷ್ಟೆ."

ನನ್ನ ಕೂದಲಲ್ಲಿ ಬೆರಳುಗಳು ನಿಂತುಹೋದವು. ಒಳಗೆ ಅಜ್ಜಿ ರೊಟ್ಟಿ ತಟ್ಟುವ ಸದ್ದೂ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಬೆಳಿಗ್ಗೆ ನಾವಿಬ್ಬರೂ ಗುಡ್ಡ ಹತ್ತಿದೆವು. ಸೀತಾಫಲವನ್ನು ಕಣ್ಣು ಬಿಟ್ಟ ಮೇಲೆಯೇ ಕೀಳಬೇಕು. ಸಿಪ್ಪೆಯ ಮೇಲಿನ ಉಬ್ಬುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗಾದರೆ ಕಣ್ಣು ಬಿಟ್ಟಿದೆ ಎಂದು ಲೆಕ್ಕ. ಅದಕ್ಕೆ ಮೊದಲೇ ಕಿತ್ತ ಕಾಯಿ ಎಷ್ಟು ದಿನ ಇಟ್ಟರೂ ಹಣ್ಣಾಗದೆ ಕಲ್ಲಾಗುತ್ತದೆ. ಇದನ್ನು ನನಗೆ ಕಲಿಸಿದ್ದೇ ಚಿಗವ್ವ. ಆದರೆ ಅವತ್ತು ಅವಳು ಬೆಳ್ಳನೆಯ ಕಾಯಿಗಳನ್ನು ಗಿಡದಲ್ಲೇ ಬಿಟ್ಟು, ಗೆರೆ ಮುಚ್ಚಿದ ಹಸಿರು ಕಾಯಿಗಳನ್ನು ತಿರುಚಿ ಕೀಳುತ್ತಿದ್ದಳು.

"ಚಿಗವ್ವ, ಇದು ಕಣ್ಣು ಬಿಟ್ಟಿಲ್ಲ."

"ಬಿಡ್ತೈತೆ ಬಿಡೆ."

"ಮಂಕರಿಯಾಗೆ ಕುಂತು ಬಿಡ್ತೈತಾ?"

"ಬಾಯಿ ಮುಚ್ಕಂಡು ಹಾಕು. ಇಲ್ಲಾಂದ್ರೆ ನಿನ್ನ ಹೇನು ನೀನೇ ಹೆಕ್ಕಿಕೋ."

ಗುಡ್ಡ ಇಳಿಯುವಾಗ ನನಗೆ ನಿಧಾನವಾಗಿ ಅರ್ಥವಾಯಿತು. ಸಂತೋಷಕ್ಕೆ ಓಡಬೇಕೆನ್ನಿಸಿತು, ಸಿಕ್ಕಿಬಿದ್ದರೆ ಎಂಬ ಹೆದರಿಕೆಗೆ ಅವಳ ಸೆರಗು ಹಿಡಿದುಕೊಂಡೇ ನಡೆದೆ.

ಚಿಗವ್ವ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಅಜ್ಜಿ ಕಾಯಿಗಳನ್ನು ಹಣ್ಣಾಗಲೆಂದು ಅಡೆ ಹಾಕಲು ಕೂತಳು. ಮಂಕರಿಯ ತಳಕ್ಕೆ ರಾಗಿ ಹುಲ್ಲು ಹಾಸಿದಳು. ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದು, ಗೆರೆಗಳ ಮೇಲೆ ಹೆಬ್ಬೆರಳಾಡಿಸಿದಳು. ಇನ್ನೊಂದನ್ನೂ ಹಾಗೆಯೇ ನೋಡಿದಳು. ನಾನು ಕಂಬಕ್ಕೆ ಅಂಟಿಕೊಂಡು ನೋಡುತ್ತಿದ್ದೆ. ಅಜ್ಜಿ ತಲೆ ಎತ್ತಲಿಲ್ಲ. ಮೊಟ್ಟೆ ಜೋಡಿಸಿದಂತೆ ಒಂದೊಂದನ್ನೇ ಜೋಡಿಸಿ, ಮೇಲೆ ಹುಲ್ಲು ಮುಚ್ಚಿ, ಗೋಣಿಚೀಲ ಹೊದಿಸಿದಳು.

"ಯಾರೂ ಮುಟ್ಟಬ್ಯಾಡ್ರಿ. ಹಣ್ಣಾಗಾಕೆ ಬಿಡ್ರಿ," ಎಂದು ಜಗಲಿಗೂ ಕೇಳುವಂತೆ ಕೂಗಿ ಹೇಳಿದಳು.

ಬೇರೆ ವರ್ಷಗಳಲ್ಲಿ ಹುಲ್ಲಿನೊಳಗಿಂದ ಸಿಹಿ ವಾಸನೆ ಎದ್ದು ನಮ್ಮನ್ನು ಕರೆಯುತ್ತಿತ್ತು. ಆ ಸಲ ಹುಲ್ಲು ಬರೀ ಹುಲ್ಲಿನ ವಾಸನೆಯನ್ನೇ ಸೂಸಿತು. ಕಾದು ಬೇಸತ್ತ ಅಜ್ಜ ಕೊನೆಗೆ ಚೀಲ ಸರಿಸಿದರೆ, ಕರ್ರಗೆ ಸುಕ್ಕುಗಟ್ಟಿದ ಗುಂಡುಕಲ್ಲುಗಳು.

"ಏನೇ ಇದು?"

"ಮಳೆ ಹಿಂದಾತಲ್ರೀ. ಗುಡ್ಡದ ಕಾಯಿಗೆ ಜೀವ ಕೂಡಿಲ್ಲ," ಎಂದಳು ಅಜ್ಜಿ, ಮೊರದಿಂದ ಕಣ್ಣೆತ್ತದೆ. "ಮೊದಲನೇ ಮಂಕರಿನೇ ಹಿಂಗಾತು ಅಂದ್ರೆ ಈ ವರ್ಷ ಬ್ಯಾಡ ಅಂತ. ಬರೋ ವರ್ಷಕ್ಕೆ ನೋಡಿದ್ರಾತು."

ಅಜ್ಜ ಒಂದು ಕಾಯಿಯನ್ನು ಕೈಯಲ್ಲಿ ತೂಗಿ ನೋಡಿ, ಮತ್ತೆ ಮಂಕರಿಗೆ ಹಾಕಿದ.

ಮುಂದಿನ ವರ್ಷ ಟ್ರೈನಿಂಗ್ ಮುಗಿಸಿದ ಚಿಗವ್ವ ತಾನೇ ಕಣ್ಣು ಬಿಟ್ಟ ಕಾಯಿಗಳನ್ನು ಹುಡುಕಿ ಕಿತ್ತಳು. ಮಂಕರಿ ಹೊನ್ನಾಳಿಗೆ ಹೋಯಿತು. ಅದರ ಹಿಂದೆ ಅವಳೂ ಹೋದಳು. ಈಗ ಅಲ್ಲಿಯೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಅಜ್ಜ ಇಲ್ಲ, ಅಜ್ಜಿಯೂ ಇಲ್ಲ. ರಜೆಗೆ ಆ ಊರಿಗೆ ಹೋಗುವವರು ನಮ್ಮಲ್ಲಿ ಯಾರೂ ಇಲ್ಲ.

ಕಳೆದ ದಸರಾಕ್ಕೆ ಚನ್ನಗಿರಿ ಬಸ್ ನಿಲ್ದಾಣದ ಗಾಡಿಯಿಂದ ಸೀತಾಫಲ ಕೊಂಡು ಹೊನ್ನಾಳಿಗೆ ಹೋಗಿದ್ದೆ. ಚಿಗವ್ವ ಒಂದೊಂದನ್ನೇ ತಿರುಗಿಸಿ ನೋಡಿ ನಕ್ಕಳು. "ಕಣ್ಣು ಬಿಡೋ ತನಕ ಕಾಯೋರು ಈಗ ಯಾರದಾರೆ? ಆವತ್ತಿನ ಮಂಕರಿ ನೆನಪೈತೇನೆ? ಅವ್ವಗೆ ಗೊತ್ತೇ ಆಗ್ಲಿಲ್ಲ ನೋಡು."

ನಾನು ಯಾರಿಗೂ ಹೇಳಿರಲಿಲ್ಲ. "ಅಜ್ಜಿ ನೋಡಿದ್ಲು ಚಿಗವ್ವ," ಎಂದೆ. "ಅಡೆ ಹಾಕೋ ಮೊದಲೇ ಬೆಳಕಿಗೆ ಹಿಡಿದು ನೋಡಿದ್ಲು. ನೋಡೇ ಹುಲ್ಲು ಮುಚ್ಚಿದ್ಲು."

ಚಿಗವ್ವನ ಕೈಯಲ್ಲಿದ್ದ ಕಾಯಿ ಹಾಗೆಯೇ ಉಳಿಯಿತು. "ಒಂದು ಮಾತೂ ಆಡ್ಲಿಲ್ಲಲ್ಲೆ ಆಕೆ," ಎಂದಳು. ಆಮೇಲೆ, "ಬಾ ಇಲ್ಲಿ," ಎಂದು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಜಡೆ ಬಿಚ್ಚಿದಳು.

ನನ್ನ ತಲೆಯಲ್ಲಿ ಈಗ ಹೇನಿಲ್ಲ. ಅದು ಅವಳಿಗೂ ಗೊತ್ತು. ಆದರೂ ಅವಳ ಬೆರಳುಗಳು ಹುಡುಕುತ್ತಲೇ ಇದ್ದವು. ನಾನು ಕಣ್ಣು ಮುಚ್ಚಿಕೊಂಡು, ಅಂದು ಒಳಗೆ ಒಂದು ಗಳಿಗೆ ನಿಂತ ಅಜ್ಜಿಯ ರೊಟ್ಟಿ ತಟ್ಟುವ ಸದ್ದು ಮತ್ತೆ ಶುರುವಾಗಲೆಂದು ಕಾಯುತ್ತಿದ್ದೆ.