ಶಿವನೆ ಮರದ ಹೃದಯ

ಕಲೆ, ವಿಜ್ಞಾನ ಎರಡನ್ನೂ ಜೊತೆಗೆ ಕೂರಿಸಬೇಕೆಂದು ಶಿಕಾರಿಪುರದಲ್ಲಿ ಹುಟ್ಟಿದ ನಮ್ಮ ಪ್ರತಿಷ್ಠಾನದ ಹಿಸ್ಟರಿ ಬರೆದುಕೊಡಿ ಎಂದು ಈಗಿನವರು ಕೇಳಿದ್ದಾರೆ. ಹಳೆಯ ಸ್ಮರಣ ಸಂಚಿಕೆಯಲ್ಲಿ ಮೊದಲ ಪ್ರದರ್ಶನ ಯಶಸ್ವಿಯಾಯಿತು ಎಂದಿದೆ. ಆಗಲಿಲ್ಲ. ಕಾರಣ ನಾನು.

ಐವತ್ತರ ದಶಕದ ಕೊನೆ. ಡಾಕ್ಟರಾಗಿದ್ದ ಅಪ್ಪ, ಹೈಸ್ಕೂಲಿನ ಸೈನ್ಸ್ ಮೇಷ್ಟ್ರು, ಇನ್ನೂ ನಾಲ್ಕು ಜನ ಸೇರಿ ಕಟ್ಟಿದ ಪುಟ್ಟ ಮಂಡಳಿ ಅದು. ಮಕ್ಕಳು ಕೈಯಲ್ಲಿ ಹಿಡಿದು ನೋಡುವಂಥ ಮರದ ಹೃದಯ ಮಾಡಿಸುವುದು ಮೊದಲ ಪ್ರಾಜೆಕ್ಟ್. ಸೊರಬದಲ್ಲಿ ದೇವರ ಮೂರ್ತಿ ಕೆತ್ತುವವರೊಬ್ಬರನ್ನು ಅಪ್ಪ ಒಪ್ಪಿಸಿದರು. ಕೆಲಸ ಚೆನ್ನಾಗಿ ಬಂದರೆ ಅವರನ್ನೂ ಮೆಂಬರ್ ಮಾಡಬೇಕೆಂದು ಅಪ್ಪನ ಆಸೆ. ಮೇಷ್ಟ್ರಿಗೆ ಅದು ಸುತರಾಂ ಇಷ್ಟವಿರಲಿಲ್ಲ.

ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನನ್ನನ್ನು ಇಂಗ್ಲಿಷ್ ಪುಸ್ತಕ ಓದಿ ಹೇಳಲು ಸೊರಬಕ್ಕೆ ಕಳಿಸಿದರು. ಚಿತ್ರದಲ್ಲಿ ಹೃದಯದ ತುದಿ ನನ್ನ ಬಲಗೈ ಕಡೆಗೆ ವಾಲಿತ್ತು, ಅಲ್ಲೇ ‘ಲೆಫ್ಟ್’ ಎಂದು ಬರೆದಿತ್ತು. ನನ್ನ ಎದೆ ಮುಟ್ಟಿ ನೋಡಿಕೊಂಡೆ; ಮಿಡಿತ ಎಡಗೈ ಕಡೆಗಿತ್ತು. ಪ್ರಿಂಟಿಂಗ್ ಮಿಸ್ಟೇಕ್ ಎಂದು ತೀರ್ಮಾನಿಸಿ, ತಿರುಗಿಸಿ ಕೆತ್ತಿ ಎಂದೆ.

“ಎಡ ಅಂದ್ರೆ ಯಾರ ಎಡ, ತಂಗೀ? ನಮ್ಮಲ್ಲಿ ಮೂರ್ತಿದೇ ಎಡ, ನೋಡೋರದ್ದಲ್ಲ.”

“ಇದು ದೇವರಲ್ಲ, ಸೈನ್ಸ್.”

ಅವರು ಉಳಿ ಎತ್ತಿಕೊಂಡರು. “ಕಾನ್ವೆಂಟಿನೋರು ಹೇಳಿದ್ಮೇಲೆ ಮುಗೀತಲ್ಲ.”

ಪ್ರದರ್ಶನದ ಬೆಳಿಗ್ಗೆ ಹೃದಯದ ಗಂಟು ಹಿಡಿದು ಅವರು ಬಸ್ಸಿನಲ್ಲಿ ಬಂದಿಳಿದರು. ತುಂಬಿದ ಹಾಲ್‌ನಲ್ಲಿ ಅಪ್ಪ ಬಟ್ಟೆ ಬಿಚ್ಚಿ ಎತ್ತಿ ಹಿಡಿದರು. ಶಿವನೆ ಮರದಲ್ಲಿ ಒಂದೊಂದು ರಕ್ತನಾಳವೂ ಮಿಡಿಯುವಂತಿತ್ತು. ಅಪ್ಪನ ಮುಖ ಮಾತ್ರ ಇಳಿದುಹೋಯಿತು. “ಎಡದ್ದೆಲ್ಲ ಬಲಕ್ಕೆ ಹೋಗಿದೆಯಲ್ಲ!”

“ನಾನು ಹೇಳಿರಲಿಲ್ವೇನ್ರೀ?” ಎಂದರು ಮೇಷ್ಟ್ರು. “ಗಣಪತಿ, ಗರುಡ ಮಾಡೋರಿಗೆ ಅನಾಟಮಿ ಕೊಟ್ರೆ ಇನ್ನೇನಾಗುತ್ತೆ? ಹೃದಯಕ್ಕೊಂದು ಕಿರೀಟ ಇಟ್ಟಿಲ್ಲ, ಅದೇ ಪುಣ್ಯ.”

ಜನ ನಕ್ಕರು. ಕೆತ್ತಿದವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಒಣಗಿದ ಕೈಯನ್ನೇ ಒರೆಸಿಕೊಳ್ಳುತ್ತಿದ್ದರು. ನಾನು ಬಾಯಿ ಬಿಡದಿದ್ದರೆ ಅವರು ಮತ್ತೆ ಈ ಹಾಲ್‌ಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಇಟ್ ವಾಸ್ ಮೀ” ಎಂದು ಮೊದಲು ಇಂಗ್ಲಿಷಿನಲ್ಲೇ ಬಂತು. ಅದರಿಂದ ಅವರಿಗೇನು ಪ್ರಯೋಜನ? ಕನ್ನಡದಲ್ಲಿ ಮತ್ತೆ ಹೇಳಿದೆ: “ಅವರು ಸರಿಯಾಗೇ ಕೇಳಿದ್ರು. ತಿರುಗಿಸಿ ಅಂದದ್ದು ನಾನು.”

“ಹಂಗಿದ್ರೆ ಎಡ ಅಂದ್ರೆ ಹೃದಯದ್ದೇ ಎಡ ಅಲ್ವೇನ್ರೀ, ಡಾಕ್ಟ್ರೇ?” ಎಂದು ಕೆತ್ತಿದವರು ಕೇಳಿದರು.

“ಅದರದ್ದೇ.”

“ಇನ್ನೊಂದು ಮಾಡ್ಕೊಡ್ತೀನಿ. ಈ ಸಲ ತಂಗೀನ ಬಸ್ ಹತ್ತಿಸ್ಬೇಡಿ ಅಷ್ಟೆ.”

ಅಪ್ಪ ಅವರ ಕೈ ಹಿಡಿದು ಕರೆತಂದು ಮಂಡಳಿಯವರ ಸಾಲಿನಲ್ಲೇ ಕೂರಿಸಿದರು. ಮೇಷ್ಟ್ರು ತಮ್ಮ ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡರು. ಜಾಗ ಬಿಡಲೋ, ದೂರವಾಗಲೋ, ನನಗೆ ಇವತ್ತಿಗೂ ಗೊತ್ತಿಲ್ಲ.